ಬೆಂಗಳೂರಿನ ಮೈಕ್ರೋಬ್ರೂವರಿ ಬಿಯರುಗಳನ್ನು ಸವಿದು ಅಂಕ ಹಾಕುವುದು ಹೇಗೆ?

ಗಾಜಿನ ಗೋಡೆಯ ಹಿಂದೆ ಹೊಳೆಯುವ ಸ್ಟೀಲ್ ಟ್ಯಾಂಕುಗಳು, ಬೋರ್ಡಿನ ಮೇಲೆ ಏಳೆಂಟು ಬಿಯರುಗಳ ಹೆಸರು, ಸುತ್ತ ಗದ್ದಲ. ಬೆಂಗಳೂರಿನ ಮೈಕ್ರೋಬ್ರೂವರಿಗೆ, ಅಂದರೆ ಬಿಯರನ್ನು ಅಲ್ಲೇ ತಯಾರಿಸಿ ಕೊಡುವ ಪಬ್ಬಿಗೆ, ಮೊದಲ ಸಲ ಹೋದವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: "ಇದರಲ್ಲಿ ಯಾವುದು ಚೆನ್ನಾಗಿದೆ?" ವೇಟರ್ ಜಾಸ್ತಿ ಖರ್ಚಾಗುವ ಬಿಯರಿನ ಹೆಸರು ಹೇಳುತ್ತಾರೆ, ನಾವು ಅದನ್ನೇ ತರಿಸಿಕೊಳ್ಳುತ್ತೇವೆ. ಆದರೆ ಆ ಪ್ರಶ್ನೆಗೆ ಉತ್ತರ ನೀವೇ ಕಂಡುಕೊಳ್ಳಬಹುದು. ಅದಕ್ಕೆ ದುಬಾರಿ ತರಬೇತಿ ಬೇಕಿಲ್ಲ. ಸ್ವಲ್ಪ ಗಮನ, ಒಂದು ಕ್ರಮ, ಬರೆದಿಡುವ ಅಭ್ಯಾಸ, ಇಷ್ಟು ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಯಾವ ಬಗೆಯ ಬಿಯರೋ ಆ ಬಗೆಗೆ ತಕ್ಕಂತೆ ಅದನ್ನು ಅಳೆಯಬೇಕು. ಸ್ಟೌಟ್ ಅನ್ನುವ ಕಪ್ಪು ಬಿಯರ್ ಕುಡಿದು "ಸುಟ್ಟ ರುಚಿ" ಅಂತ, ಗೋಧಿ ಬಿಯರ್ ನೋಡಿ "ಮಬ್ಬಾಗಿದೆ" ಅಂತ ಅಂಕ ಕಳೆದರೆ ಅದು ಅನ್ಯಾಯ. ನಿಮಗೆ ಇಷ್ಟವಾಗುವುದು ಬೇರೆ, ಬಿಯರ್ ಚೆನ್ನಾಗಿ ತಯಾರಾಗಿದೆಯೇ ಅನ್ನುವುದು ಬೇರೆ. ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ.

ಇದು 21 ದಾಟಿದವರಿಗೆ ಮಾತ್ರ.

1. ಮೊದಲು ಬಗೆಗಳ ಪರಿಚಯ ಇರಲಿ

ಬಿಯರಿಗೆ ಮುಖ್ಯವಾಗಿ ಬೇಕಾದದ್ದು ನಾಲ್ಕೇ: ನೀರು, ಮಾಲ್ಟ್, ಹಾಪ್ಸ್, ಯೀಸ್ಟ್. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಅಥವಾ ಗೋಧಿ. ಸಿಹಿ, ಬಣ್ಣ, ಮೈ (ಬಾಯಿಗೆ ಅನಿಸುವ ದಪ್ಪ) ಎಲ್ಲ ಅದರಿಂದ. ಹಾಪ್ಸ್ ಒಂದು ಬಳ್ಳಿಯ ಹೂವು. ಅದು ಕಹಿಯನ್ನೂ ಕೊಡುತ್ತದೆ, ಘಮವನ್ನೂ ಕೊಡುತ್ತದೆ. ನಮ್ಮ ದೇಶದಲ್ಲಿ ಹಾಪ್ಸ್ ಬೆಳೆಯುವುದು ಹಿಮಾಚಲದ ಲಾಹೌಲ್ ಕಡೆ, ಆದರೆ ಸಣ್ಣ ಪ್ರಮಾಣದಲ್ಲಿ ತಯಾರಾಗುವ ಇಂಥ ಕ್ರಾಫ್ಟ್ ಬಿಯರಿಗೆ ಬಳಸುವುದು ಹೆಚ್ಚಾಗಿ ಜರ್ಮನಿ, ಅಮೆರಿಕದಿಂದ ಬಂದದ್ದು. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೊಹಾಲು ಮತ್ತು ಗ್ಯಾಸ್ ಮಾಡುತ್ತದೆ. ಜೊತೆಗೆ ಹಣ್ಣು, ಮಸಾಲೆಯಂಥ ವಾಸನೆಗಳನ್ನೂ ಬಿಡುತ್ತದೆ.

ಬೆಂಗಳೂರಿನ ಬೋರ್ಡುಗಳಲ್ಲಿ ಮತ್ತೆ ಮತ್ತೆ ಕಾಣುವ ಹೆಸರುಗಳು ಇವು.

ಹೆಫೆವೈಜನ್: ಜರ್ಮನಿಯ ಗೋಧಿ ಬಿಯರ್. ಅರ್ಧಕ್ಕಿಂತ ಕಡಿಮೆ ಇಲ್ಲದಷ್ಟು ಗೋಧಿ ಮಾಲ್ಟ್. ಮಬ್ಬು, ದಪ್ಪ ನೊರೆ, ಬಾಳೆಹಣ್ಣು ಮತ್ತು ಲವಂಗದ ಘಮ. ಕಹಿ ತೀರಾ ಕಡಿಮೆ.

ವಿಟ್: ಬೆಲ್ಜಿಯಂನ ಗೋಧಿ ಬಿಯರ್. ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ ಹಾಕಿರುತ್ತಾರೆ. ಹೆಚ್ಚುಕಡಿಮೆ ಸತ್ತೇಹೋಗಿದ್ದ ಈ ಬಗೆಗೆ 1966ರಲ್ಲಿ ಹೂಗಾರ್ಡನ್ ಊರಿನ ಪಿಯೆರ್ ಸೆಲಿಸ್ ಮತ್ತೆ ಜೀವ ಕೊಟ್ಟರು. ಹೆಫೆವೈಜನ್‌ಗೂ ಇದಕ್ಕೂ ಗೊಂದಲ ಮಾಡಿಕೊಳ್ಳಬೇಡಿ. ಒಂದರ ಮಸಾಲೆ ವಾಸನೆ ಯೀಸ್ಟಿನಿಂದ ಬಂದದ್ದು, ಇನ್ನೊಂದರಲ್ಲಿ ನಿಜವಾಗಿಯೂ ಮಸಾಲೆ ಇದೆ.

ಐಪಿಎ (ಇಂಡಿಯಾ ಪೇಲ್ ಏಲ್): ಹಾಪ್ಸ್ ಮೆರೆಯುವ ಬಿಯರ್. ಚಕ್ಕೋತ, ನಿಂಬೆ ಸಿಪ್ಪೆ, ಮಾವು, ಕೆಲವೊಮ್ಮೆ ಪೈನ್ ಮರದ ಅಂಟಿನ ವಾಸನೆ. ಕಹಿಯನ್ನು ಐಬಿಯು (ಇಂಟರ್‌ನ್ಯಾಷನಲ್ ಬಿಟರ್‌ನೆಸ್ ಯೂನಿಟ್) ಅನ್ನುವ ಮಾನದಲ್ಲಿ ಅಳೆಯುತ್ತಾರೆ. ಹೆಫೆವೈಜನ್ 8ರಿಂದ 15, ಐಪಿಎ 40ರಿಂದ 70. ಆದರೆ ಈ ಅಂಕಿಯೊಂದನ್ನೇ ನಂಬಬೇಡಿ. ಮಾಲ್ಟಿನ ಸಿಹಿ ಜಾಸ್ತಿ ಇದ್ದರೆ 60 ಐಬಿಯು ಕೂಡ ನಾಲಿಗೆಗೆ ಮೆತ್ತಗೆ ಅನಿಸುತ್ತದೆ.

ಸ್ಟೌಟ್: ಹುರಿದ ಬಾರ್ಲಿಯಿಂದ ಬಂದ ಕಪ್ಪು ಬಣ್ಣ, ಕಾಫಿ ಮತ್ತು ಕಹಿ ಚಾಕೊಲೇಟ್ ರುಚಿ. ನೈಟ್ರೋ ಸ್ಟೌಟ್ ಅಂತ ಬರೆದಿದ್ದರೆ ಅದರಲ್ಲಿ ಇಂಗಾಲದ ಗ್ಯಾಸಿನ ಜೊತೆ ನೈಟ್ರೋಜನ್ ಇರುತ್ತದೆ. ಗುಳ್ಳೆಗಳು ತುಂಬ ಸಣ್ಣ, ಬಾಯಿಗೆ ಕೆನೆಯ ಹಾಗೆ.

ಲಾಗರ್ ಮತ್ತು ಪಿಲ್ಸ್ನರ್: ಪಿಲ್ಸ್ನರ್ ಕೂಡ ಲಾಗರಿನ ಒಂದು ಬಗೆ. ಅಂಗಡಿ ಬಾಟಲಿಗಳಲ್ಲಿ ಸಿಗುವುದು ಹೆಚ್ಚಾಗಿ ಈ ಜಾತಿಯೇ. ಮೈಕ್ರೋಬ್ರೂವರಿಗಳಲ್ಲಿ ಕಡಿಮೆ. ಚಳಿಯಲ್ಲಿ ವಾರಗಟ್ಟಲೆ ಟ್ಯಾಂಕಿನಲ್ಲಿ ಮಲಗಿಸಬೇಕು, ಟ್ಯಾಂಕುಗಳು ಕೆಲವೇ ಇದ್ದರೆ ಅಷ್ಟು ದಿನ ಒಂದನ್ನು ಕಟ್ಟಿಹಾಕುವುದು ಕಷ್ಟ. ಹೀಗಿದ್ದೂ ಒಂದು ಕಡೆ ಸ್ವಚ್ಛವಾದ ಪಿಲ್ಸ್ನರ್ ಸಿಕ್ಕರೆ ಅದನ್ನು ತಯಾರಿಸಿದ ಬ್ರೂವರ್ ಮೇಲೆ ನನಗೆ ಗೌರವ ಜಾಸ್ತಿಯಾಗುತ್ತದೆ.

2. ಎಲ್ಲಿಗೆ, ಯಾವಾಗ

ಪುಣೆಯಲ್ಲಿ ಡೂಲಾಲಿ ಅನ್ನುವ ಮೈಕ್ರೋಬ್ರೂವರಿ 2009ರಲ್ಲಿ ಶುರುವಾಯಿತು. ಬೆಂಗಳೂರಿನಲ್ಲಿ 2011ರ ಹೊತ್ತಿಗೆ ಬಿಯರ್ ಕ್ಲಬ್, ಇಂದಿರಾನಗರದ 100 ಅಡಿ ರಸ್ತೆಯ ಟಾಯ್ಟ್, 2012ರಲ್ಲಿ ಮ್ಯಾಗ್ರತ್ ರಸ್ತೆಯ ಆರ್ಬರ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಬಂದವು. ಆಮೇಲೆ ಸಾಲುಸಾಲು. ಹೊಸಬರು ಹಳೆಯ ಹೆಸರುಗಳಿಂದ ಶುರು ಮಾಡುವುದು ಒಳ್ಳೆಯದು. ಟಾಯ್ಟ್‌ನ ಟಿನ್‌ಟಿನ್ ಟಾಯ್ಟ್ ಕುಡಿದರೆ ವಿಟ್ ಅಂದರೇನು, ಆರ್ಬರ್‌ನ ರೇಜಿಂಗ್ ಎಲಿಫೆಂಟ್ ಕುಡಿದರೆ ಐಪಿಎ ಅಂದರೇನು ಅನ್ನುವ ಒಂದು ಅಳತೆಗೋಲು ಸಿಗುತ್ತದೆ. ಮುಂದೆ ಹೋದಲ್ಲೆಲ್ಲ ಅದಕ್ಕೆ ಹೋಲಿಸಿ ನೋಡಬಹುದು.

ಶನಿವಾರ ರಾತ್ರಿ ಮಾತ್ರ ಹೋಗಬೇಡಿ. ಗದ್ದಲದಲ್ಲಿ, ಸೆಂಟಿನ ವಾಸನೆಯಲ್ಲಿ, ಪಕ್ಕದ ಟೇಬಲ್ಲಿನ ಸಿಜ್ಲರ್ ಹೊಗೆಯಲ್ಲಿ ಮೂಗು ಕೆಲಸ ಮಾಡುವುದಿಲ್ಲ. ವಾರದ ನಡುವಿನ ಮಧ್ಯಾಹ್ನ ಹೋದರೆ ಬ್ರೂವರ್ ಕೂಡ ಸಿಗುವ ಸಾಧ್ಯತೆ ಇದೆ, ಸಿಬ್ಬಂದಿಗೂ ಮಾತಾಡಲು ಪುರುಸೊತ್ತು ಇರುತ್ತದೆ. ನೀವೂ ಆ ದಿನ ಸೆಂಟು ಹಾಕಿಕೊಳ್ಳಬೇಡಿ. ಹೊಟ್ಟೆಗೆ ಸ್ವಲ್ಪ ತಿಂದು ಹೋಗಿ, ಆದರೆ ಖಾರದ್ದಲ್ಲ.

ಕೂತ ಕೂಡಲೇ ಕೇಳಬೇಕಾದ ಪ್ರಶ್ನೆ "ಯಾವುದು ಚೆನ್ನಾಗಿದೆ" ಅಲ್ಲ. ಹೀಗೆ ಕೇಳಿ: "ಅಣ್ಣಾ, ಇದರಲ್ಲಿ ಯಾವುದು ಹೊಸ ಬ್ಯಾಚು? ಯಾವಾಗ ಟ್ಯಾಪ್ ಮಾಡಿದ್ದು?" ತಿಳಿದವರಾದರೆ "ವಿಟ್ ಮೊನ್ನೆ ಹಾಕಿದ್ವಿ ಸರ್, ಐಪಿಎ ಹಳೇದು, ಮುಗೀತಾ ಬಂತು" ಅಂತ ನೇರವಾಗಿ ಹೇಳುತ್ತಾರೆ. ಈ ಉತ್ತರಕ್ಕೆ ಬೆಲೆ ಇದೆ. ಐಪಿಎಯ ಹಾಪ್ಸ್ ಘಮ ಕೆಲವೇ ವಾರಗಳಲ್ಲಿ ಮಂಕಾಗುತ್ತದೆ, ಗೋಧಿ ಬಿಯರೂ ತಾಜಾ ಇದ್ದಾಗಲೇ ಚೆಂದ. ಸ್ಟೌಟ್ ಸ್ವಲ್ಪ ತಡೆಯುತ್ತದೆ.

3. ಸ್ಯಾಂಪ್ಲರ್ ತರಿಸಿ, ಕ್ರಮವಾಗಿ ಕುಡಿಯಿರಿ

ಬಹಳಷ್ಟು ಕಡೆ ಪುಟ್ಟ ಗ್ಲಾಸುಗಳಲ್ಲಿ ಎಲ್ಲ ಬಗೆಯದನ್ನೂ ಸ್ವಲ್ಪ ಸ್ವಲ್ಪ ಕೊಡುತ್ತಾರೆ. ಅದನ್ನೇ ತರಿಸಿ. ಹಗುರದ್ದು ಮೊದಲು, ಗಟ್ಟಿಯದ್ದು ಕೊನೆಗೆ: ಲಾಗರ್ ಅಥವಾ ಬ್ಲಾಂಡ್ (ತಿಳಿ ಬಣ್ಣದ ಹಗುರ ಬಿಯರ್), ಆಮೇಲೆ ವಿಟ್, ಹೆಫೆವೈಜನ್, ಆಮೇಲೆ ಐಪಿಎ, ಕೊನೆಗೆ ಸ್ಟೌಟ್. ಐಪಿಎ ಮೊದಲು ಕುಡಿದರೆ ಆ ಕಹಿ ನಾಲಿಗೆಯ ಮೇಲೆ ಕೂತುಬಿಡುತ್ತದೆ, ಆಮೇಲೆ ವಿಟ್ ನೀರಿನ ಹಾಗೆ ಅನಿಸುತ್ತದೆ. ಈ ಕ್ರಮಕ್ಕೆ ಇನ್ನೊಂದು ಲಾಭವಿದೆ. ಎಲ್ಲ ಗ್ಲಾಸು ಒಟ್ಟಿಗೆ ಬರುವುದರಿಂದ ಕೊನೆಯದು ಬಿಸಿಯೇರುತ್ತದೆ. ಲಾಗರಿಗೆ ಅದು ನಷ್ಟ, ಸ್ಟೌಟಿಗೆ ಲಾಭ.

ತಣ್ಣಗಿನ ವಿಷಯ ಬಂದಾಗ ಹೇಳಲೇಬೇಕು. "ಚಿಲ್ಡ್" ಬೇಕು ಅನ್ನುವುದು ನಮ್ಮ ಅಭ್ಯಾಸ, ಆದರೆ ಕೊರೆಯುವ ಬಿಯರಿನಲ್ಲಿ ವಾಸನೆ ಏಳುವುದೇ ಇಲ್ಲ, ನಾಲಿಗೆಯೂ ಮರಗಟ್ಟುತ್ತದೆ. ಲಾಗರ್ 4ರಿಂದ 7 ಡಿಗ್ರಿ, ಏಲ್‌ಗಳು, ಅಂದರೆ ಮೇಲೆ ಹೇಳಿದ ಉಳಿದ ಬಗೆಗಳು, 8ರಿಂದ 12 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ಫ್ರೀಜರಿನಿಂದ ತೆಗೆದ ಗ್ಲಾಸು ಕೊಟ್ಟರೆ ಬೇಡ ಅನ್ನಿ.

ನಡುನಡುವೆ ನೀರು ಕುಡಿಯಿರಿ, ಬಾಯಿ ಸರಿಮಾಡಿಕೊಳ್ಳಲು ಉಪ್ಪು-ಖಾರ ಹಾಕದ ಮಂಡಕ್ಕಿ ಅಥವಾ ಬ್ರೆಡ್ ತುಣುಕು ಸಾಕು. ಕಾಂಗ್ರೆಸ್ ಕಡಲೆಕಾಯಿ, ಚಿಲ್ಲಿ ಚಿಕನ್, ಗೋಬಿ ಎಲ್ಲ ಅಂಕ ಹಾಕಿ ಮುಗಿದ ಮೇಲೆ.

4. ಕಣ್ಣು

ಇಲ್ಲಿ ಜಾಸ್ತಿ ಹೊತ್ತು ಬೇಡ. ಬಣ್ಣ ಆ ಬಗೆಗೆ ಒಪ್ಪುತ್ತದೆಯೇ, ನೊರೆ ನಿಲ್ಲುತ್ತದೆಯೇ, ಕುಡಿಯುತ್ತಾ ಹೋದಂತೆ ಗ್ಲಾಸಿನ ಒಳಬದಿಗೆ ನೊರೆಯ ಬಳೆ ಉಳಿಯುತ್ತದೆಯೇ ನೋಡಿ. ನೊರೆಯ ಕೆಳಗೆ ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಗುಂಪುಗುಂಪಾಗಿ ಅಂಟಿಕೊಂಡಿದ್ದರೆ ಗ್ಲಾಸು ಸರಿಯಾಗಿ ತೊಳೆದಿಲ್ಲ. ಜಿಡ್ಡು, ಸೋಪು ಇದ್ದರೆ ನೊರೆ ಬೇಗ ಸಾಯುತ್ತದೆ. ಅದು ಬಿಯರಿನ ತಪ್ಪಲ್ಲ, ಬೇರೆ ಗ್ಲಾಸು ಕೇಳಿ.

5. ಮೂಗು: ಅರ್ಧಕ್ಕರ್ಧ ಕೆಲಸ ಇಲ್ಲೇ

ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ವಾಸನೆಯೇ. ನೆಗಡಿ ಬಂದಾಗ ಸಾರು ಸಪ್ಪೆ ಅನಿಸುತ್ತದಲ್ವಾ, ಅದಕ್ಕೇ. ಆದ್ದರಿಂದ ಗುಟುಕರಿಸುವ ಮೊದಲು ಮೂಸಿ. ಗ್ಲಾಸನ್ನು ಮೆಲ್ಲಗೆ ಒಂದೆರಡು ಸುತ್ತು ತಿರುಗಿಸಿ, ಮೂಗಿನ ಹತ್ತಿರ ತಂದು ಸಣ್ಣಸಣ್ಣದಾಗಿ ಎರಡು ಸಲ ಎಳೆದುಕೊಳ್ಳಿ. ಮೊದಲ ಕ್ಷಣದಲ್ಲಿ ಏನು ನೆನಪಿಗೆ ಬಂತೋ ಅದನ್ನೇ ಬರೆಯಿರಿ. ಯೋಚಿಸುತ್ತಾ ಕೂತರೆ ಪಕ್ಕದವರು ಹೇಳಿದ್ದೇ ನಿಮಗೂ ಕಾಣಿಸಲು ಶುರುವಾಗುತ್ತದೆ.

ಪದಗಳಿಗೆ ಪರದೇಶಕ್ಕೆ ಹೋಗಬೇಕಾಗಿಲ್ಲ. ವಿದೇಶಿ ಪಟ್ಟಿಗಳಲ್ಲಿ ನಾವು ತಿಂದೇ ಇರದ ಹಣ್ಣುಗಳ ಹೆಸರಿರುತ್ತವೆ, ಅವನ್ನು ಸುಮ್ನೆ ಒಪ್ಪಿಸುವುದರಲ್ಲಿ ಅರ್ಥವಿಲ್ಲ. ಬಾಳೆಹಣ್ಣು ಅಂದರೂ ಯಾವ ಬಾಳೆ? ಪಚ್ಚಬಾಳೆಯ ಹಸಿಹಸಿ ವಾಸನೆಯೇ, ಚೆನ್ನಾಗಿ ಕಳಿತ ಏಲಕ್ಕಿ ಬಾಳೆಯ ಜೇನಿನಂಥ ವಾಸನೆಯೇ? ಸಿಹಿ ಅಂದರೆ ಸಕ್ಕರೆಯೇ, ಬೆಲ್ಲವೇ, ಕಾಕಂಬಿಯೇ? ಹುರಿದ ವಾಸನೆ ಅಂದರೆ ಹುರಿಗಡಲೆಯೇ, ಫಿಲ್ಟರ್ ಕಾಫಿಯೇ, ತಳ ಹಿಡಿದ ಹಾಲೇ? ಇಷ್ಟು ನಿಖರವಾಗಿ ಬರೆದಿಟ್ಟರೆ ಮೂರು ತಿಂಗಳ ನಂತರ ಓದಿದರೂ ಆ ಬಿಯರ್ ನೆನಪಾಗುತ್ತದೆ.

6. ಗುಟುಕು

ಮೊದಲ ಗುಟುಕು ಬಾಯಿ ಹದ ಮಾಡಲು, ಅದಕ್ಕೆ ಅಂಕ ಬೇಡ. ಎರಡನೆಯದನ್ನು ಬಾಯಿತುಂಬ ಓಡಾಡಿಸಿ ನುಂಗಿ, ನುಂಗಿದ ಕೂಡಲೇ ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಉಸಿರು ಬಿಡಿ. ಗಂಟಲಿನ ಹಿಂದಿನಿಂದ ಮೂಗಿಗೆ ಏರುವ ಆ ವಾಸನೆಯಲ್ಲಿ ಬಿಯರಿನ ಅಸಲಿ ಗುಣ ಗೊತ್ತಾಗುತ್ತದೆ. ವೈನ್ ಸವಿಯುವವರು ಉಗಿಯುತ್ತಾರೆ, ಬಿಯರಿನಲ್ಲಿ ನುಂಗಿಯೇ ನೋಡುವುದು ರೂಢಿ, ಯಾಕೆಂದರೆ ಕೊನೆಗೆ ಉಳಿಯುವ ಕಹಿಯೂ ಲೆಕ್ಕಕ್ಕೆ ಬರುತ್ತದೆ.

ಕೇಳಿಕೊಳ್ಳಿ: ಸಿಹಿ ಮೊದಲು ಬಂತೇ, ಕಹಿ ಎಲ್ಲಿ ಬಂತು, ಎಷ್ಟು ಹೊತ್ತು ಉಳಿಯಿತು? ಒಳ್ಳೆಯ ಕಹಿ ಬಂದು ಹೋಗುತ್ತದೆ, ಮತ್ತೊಂದು ಗುಟುಕು ಬೇಕು ಅನಿಸುತ್ತದೆ. ಕೆಟ್ಟ ಕಹಿ ಮಾತ್ರೆ ಕಚ್ಚಿದ ಹಾಗೆ ನಾಲಿಗೆ ಮೇಲೆ ಕೂರುತ್ತದೆ. ಒಗರು ಇದ್ದರೆ ಬೇರೆ ಬರೆಯಿರಿ. ಟೀ ಸೊಪ್ಪು ಜಾಸ್ತಿ ಕುದಿಸಿದಾಗ ಬರುವ ಒಗರು ಬಿಯರಿನಲ್ಲೂ ಬರುತ್ತದೆ, ಧಾನ್ಯದ ಸಿಪ್ಪೆಯನ್ನು ಜಾಸ್ತಿ ತೊಳೆದರೆ ಅಥವಾ ಆ ನೀರು ತೀರಾ ಬಿಸಿಯಾಗಿದ್ದರೆ ಹೀಗಾಗುತ್ತದೆ. ಆಮೇಲೆ ಮೈ: ತೆಳುವೇ, ದಪ್ಪವೇ, ಗ್ಯಾಸು ಚುಚ್ಚುತ್ತದೆಯೇ.

7. ಹೆಫೆವೈಜನ್ ಪರೀಕ್ಷೆ

ಹೊಸ ಜಾಗಕ್ಕೆ ಹೋದಾಗ ನಾನು ಮೊದಲು ಗಂಭೀರವಾಗಿ ನೋಡುವುದು ಹೆಫೆವೈಜನನ್ನೇ. ಬೆಂಗಳೂರಿನಲ್ಲಿ ಇದು ಬಹುತೇಕ ಎಲ್ಲ ಕಡೆ ಇರುತ್ತದೆ, ಹಾಗಾಗಿ ಹೋಲಿಸುವುದು ಸುಲಭ. ಅದಕ್ಕಿಂತ ಮುಖ್ಯ ಕಾರಣ ಅದರ ಘಮ ಎಲ್ಲಿಂದ ಬರುತ್ತದೆ ಅನ್ನುವುದು. ಬಾಳೆಹಣ್ಣಿನ ವಾಸನೆ ಐಸೋಅಮೈಲ್ ಅಸಿಟೇಟ್ ಅನ್ನುವ ಎಸ್ಟರಿನದು, ಲವಂಗದ್ದು 4-ವಿನೈಲ್ ಗ್ವಾಯಕಾಲ್ ಅನ್ನುವ ಫಿನಾಲಿನದು. ಎರಡನ್ನೂ ಯೀಸ್ಟೇ ತಯಾರಿಸುತ್ತದೆ. ಹುದುಗುವಾಗ ಟ್ಯಾಂಕು ಬಿಸಿಯಾದರೆ ಬಾಳೆ ಮೇಲುಗೈ, ತಂಪಾಗಿದ್ದರೆ ಲವಂಗ ಮುಂದೆ ಬರುತ್ತದೆ. ಅಂದರೆ ಆ ಒಂದು ಗ್ಲಾಸಿನಲ್ಲಿ ಬ್ರೂವರ್ ಉಷ್ಣತೆಯನ್ನು ಎಷ್ಟು ಹದವಾಗಿ ಹಿಡಿದರು, ಯೀಸ್ಟನ್ನು ಎಷ್ಟು ಆರೋಗ್ಯವಾಗಿ ಇಟ್ಟಿದ್ದರು ಅನ್ನುವುದು ಕಾಣುತ್ತದೆ. ಕಹಿ ಕಡಿಮೆ, ಹಾಪ್ಸ್ ಘಮ ಕಡಿಮೆ. ತಪ್ಪನ್ನು ಮುಚ್ಚಿಡಲು ಏನೂ ಇಲ್ಲ.

ಎರಡೂ ವಾಸನೆ ಇದ್ದು ಯಾವುದೂ ಕೂಗಾಡದಿದ್ದರೆ ಅದು ಒಳ್ಳೆಯ ಹೆಫೆವೈಜನ್. ಬರೀ ಬಾಳೆಹಣ್ಣಿನ ಚೂಯಿಂಗ್ ಗಮ್ ವಾಸನೆ ಬಂದರೆ ಅಂಕ ಕಡಿಮೆ ಮಾಡಿ. ಏನೂ ವಾಸನೆ ಇಲ್ಲದೆ ಬರೀ ಗೋಧಿ ಹಿಟ್ಟಿನ ಹಾಗಿದ್ದರೆ ಇನ್ನೂ ಕಡಿಮೆ. ಮೇಲೆ ನಿಂಬೆ ಹೋಳು ಸಿಕ್ಕಿಸಿ ಕೊಟ್ಟರೆ ಅದನ್ನು ತೆಗೆದಿಟ್ಟು ಕುಡಿಯಿರಿ, ನಿಂಬೆಯ ಎಣ್ಣೆ ನೊರೆಯನ್ನೂ ಕೊಲ್ಲುತ್ತದೆ, ಘಮವನ್ನೂ ಮುಚ್ಚುತ್ತದೆ.

8. ದೋಷಗಳನ್ನು ಹಿಡಿಯುವುದು

ಬೆಣ್ಣೆ ವಾಸನೆ, ಅಂದರೆ ಥಿಯೇಟರಿನ ಪಾಪ್‌ಕಾರ್ನ್ ವಾಸನೆ: ಡೈಅಸಿಟೈಲ್. ಹುದುಗುವ ಕೊನೆಯಲ್ಲಿ ಯೀಸ್ಟಿಗೆ ಒಂದೆರಡು ದಿನ ಜಾಸ್ತಿ ಕೊಟ್ಟರೆ ಅದು ಇದನ್ನು ತಾನೇ ತಿಂದು ಮುಗಿಸುತ್ತದೆ. ಟ್ಯಾಂಕು ಖಾಲಿ ಮಾಡುವ ಅವಸರದಲ್ಲಿ ಬೇಗ ತಣ್ಣಗೆ ಮಾಡಿಬಿಟ್ಟರೆ ಉಳಿದುಬಿಡುತ್ತದೆ. ಅನುಮಾನ ಬಂದರೆ ಹೀಗೆ ಮಾಡಿ: ಪುಟ್ಟ ಗ್ಲಾಸಿನಲ್ಲಿ ಎರಡು ಗುಟುಕಿನಷ್ಟು ಉಳಿಸಿಕೊಂಡು, ಒಂದು ಅಂಗೈಯಲ್ಲಿ ಗ್ಲಾಸನ್ನು ಹಿಡಿದು ಇನ್ನೊಂದರಿಂದ ಬಾಯಿ ಮುಚ್ಚಿ, ಬಿಯರ್ ಬೆಚ್ಚಗಾಗುವ ತನಕ ಕಾದು, ಕೈ ತೆಗೆದ ಕೂಡಲೇ ಮೂಸಿ. ಬೆಣ್ಣೆ ಇದ್ದರೆ ಎದ್ದು ಬರುತ್ತದೆ.

ಬೇಯಿಸಿದ ಮುಸುಕಿನ ಜೋಳದ ವಾಸನೆ: ಡೈಮೀಥೈಲ್ ಸಲ್ಫೈಡ್ (ಡಿಎಂಎಸ್). ತಿಳಿ ಬಣ್ಣದ ಬಿಯರುಗಳಲ್ಲಿ ಜಾಸ್ತಿ, ಸರಿಯಾಗಿ ಕುದಿಸದಿದ್ದರೆ ಬರುತ್ತದೆ. ಹಸಿರು ಸೇಬಿನ ವಾಸನೆ: ಅಸಿಟಾಲ್ಡಿಹೈಡ್, ಬಿಯರ್ ಇನ್ನೂ ಎಳೆಯದು. ಒದ್ದೆ ರಟ್ಟಿನ ವಾಸನೆ: ಗಾಳಿ ಸೇರಿ ಹಳತಾಗಿದೆ. ಡೆಟಾಲ್ ಅಥವಾ ಬ್ಯಾಂಡೇಜ್ ವಾಸನೆ: ನೀರಿನ ಕ್ಲೋರಿನ್ ತೆಗೆದಿಲ್ಲ, ಅಥವಾ ತೊಳೆದ ಔಷಧಿ ಉಳಿದಿದೆ, ಇಲ್ಲವೇ ಬೇಡದ ಯೀಸ್ಟ್ ಸೇರಿದೆ. ವಿನಿಗರ್ ಹುಳಿ: ಸೋಂಕು. ಹುಳಿ ಬಿಯರ್ ಅಂತ ಬೋರ್ಡಿನಲ್ಲೇ ಬರೆದಿದ್ದರೆ ಹುಳಿ ಇರಲೇಬೇಕು, ಆದರೆ ಅದು ಮೊಸರಿನ ಹುಳಿಯ ಹಾಗೆ ಸ್ವಚ್ಛವಾಗಿರಬೇಕು.

ಇನ್ನೊಂದು ಬಿಸಿಲಿನದು. ಹಾಪ್ಸ್ ಇರುವ ಬಿಯರಿಗೆ ನೇರ ಬಿಸಿಲು ಬಿದ್ದರೆ ಕೆಲವೇ ನಿಮಿಷಗಳಲ್ಲಿ ಒಂದು ಥರ ನಾತ ಹುಟ್ಟುತ್ತದೆ. ಟ್ಯಾಂಕಿನಿಂದ ಬರುವ ಬಿಯರಿಗೆ ಈ ತೊಂದರೆ ಇಲ್ಲ, ಆದರೆ ಟೆರೇಸಿನಲ್ಲಿ ಮಧ್ಯಾಹ್ನ ಗ್ಲಾಸು ಮುಂದಿಟ್ಟುಕೊಂಡು ಹರಟಿದರೆ ಬರಬಹುದು. ಈ ನಾತವನ್ನು ಕಲಿಯಲು ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಹಸಿರು ಬಾಟಲಿಯ ಲಾಗರ್ ಎರಡು ತಂದು, ಒಂದನ್ನು ಗಂಟೆ ಹೊತ್ತು ಬಿಸಿಲಿಗೆ, ಒಂದನ್ನು ಕಪಾಟಿನೊಳಗೆ ಇಡಿ. ಆಮೇಲೆ ಎರಡನ್ನೂ ಒಟ್ಟಿಗೆ ತಣ್ಣಗೆ ಮಾಡಿ ಮೂಸಿ. ಒಮ್ಮೆ ಮೂಸಿದವರು ಮರೆಯುವುದಿಲ್ಲ.

ತಪ್ಪು ಯಾರದು ಅಂತ ಪತ್ತೆ ಮಾಡಲು ಒಂದು ಸುಲಭ ದಾರಿ ಇದೆ. ಒಂದೇ ಬಿಯರಿನಲ್ಲಿ ದೋಷ ಇದ್ದರೆ ಅದು ಆ ಬ್ಯಾಚಿನದು. ಬೇರೆ ಬೇರೆ ಬಗೆಯ ನಾಲ್ಕು ಬಿಯರಿನಲ್ಲೂ ಅದೇ ಬೆಣ್ಣೆ ಅಥವಾ ಅದೇ ಹುಳಿ ಇದ್ದರೆ ಟ್ಯಾಪಿನ ಪೈಪುಗಳನ್ನು ತೊಳೆದು ಬಹಳ ದಿನ ಆಗಿದೆ ಅಂತ ಅನುಮಾನಿಸಬಹುದು. ವಾಪಸ್ ಕೊಡುವಾಗ "ಚೆನ್ನಾಗಿಲ್ಲ" ಅನ್ನಬೇಡಿ. "ಇದರಲ್ಲಿ ಬೆಣ್ಣೆ ವಾಸನೆ ಬರುತ್ತಿದೆ, ಬ್ರೂವರ್‌ಗೆ ಒಂದು ಸಲ ತೋರಿಸ್ತೀರಾ?" ಅನ್ನಿ. ಒಳ್ಳೆಯ ಕಡೆ ಇದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

9. ನಮ್ಮ ನೆಲದ ಸಾಮಾನು ಹಾಕಿದ ಬಿಯರುಗಳು

ರಾಗಿ, ಬಾಸ್ಮತಿ, ಕೊಡಗು-ಚಿಕ್ಕಮಗಳೂರಿನ ಕಾಫಿ, ಬೇಸಿಗೆಯಲ್ಲಿ ಮಾವು. ಇಲ್ಲಿ ನನ್ನ ಪ್ರಶ್ನೆ ಎರಡೇ. ಹಾಕಿದ ಸಾಮಾನು ಗೊತ್ತಾಗುತ್ತದೆಯೇ? ಅದರ ಕೆಳಗೆ ಬಿಯರ್ ಇನ್ನೂ ಇದೆಯೇ? ಮಾವಿನ ಬಿಯರಿನಲ್ಲಿ ಹಣ್ಣಿನ ಸಕ್ಕರೆಯನ್ನು ಯೀಸ್ಟ್ ತಿಂದುಬಿಡುವುದರಿಂದ ಉಳಿಯುವುದು ಘಮ ಮತ್ತು ಸ್ವಲ್ಪ ಹುಳಿ. ಜ್ಯೂಸಿನ ಹಾಗೆ ಗಾಢ ಸಿಹಿ ಇದ್ದರೆ ಹಣ್ಣನ್ನೋ ಸಿರಪ್ಪನ್ನೋ ಕೊನೆಗೆ ಸೇರಿಸಿದ್ದಾರೆ ಅನ್ನುವ ಅನುಮಾನ ಸಹಜ. ರಾಗಿ ಹಾಕಿದ್ದರೆ ಹುರಿಹಿಟ್ಟಿನ, ಮಳೆ ಬಿದ್ದ ಮಣ್ಣಿನ ನೆನಪು ಬರಬೇಕು. ಬರೀ ಹೆಸರಿಗೆ ರಾಗಿ ಇದ್ದರೆ ನನಗೆ ಬೇಸರವಾಗುತ್ತದೆ, ಯಾಕೆಂದರೆ ಈ ನೆಲದ ಬಿಯರ್ ಅಂತ ಹೇಳಿಕೊಳ್ಳಲು ನಮಗಿರುವ ಅತಿ ದೊಡ್ಡ ಅವಕಾಶ ಅದು.

10. ಅಂಕ ಮತ್ತು ಟಿಪ್ಪಣಿ

ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿ, 1985ರಲ್ಲಿ ಅಮೆರಿಕದಲ್ಲಿ ಶುರುವಾದದ್ದು, 50 ಅಂಕದ ಒಂದು ಹಾಳೆ ಬಳಸುತ್ತದೆ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಾರೆಗೆ 10. ನೋಟಕ್ಕೆ ಬರೀ 3 ಅನ್ನುವುದನ್ನು ಗಮನಿಸಿ, ಫೋಟೋಗೆ ಚೆಂದ ಕಾಣುವ ಬಿಯರಿಗೆಲ್ಲ ನಾವು ಅದಕ್ಕಿಂತ ಎಷ್ಟೋ ಜಾಸ್ತಿ ಕೊಟ್ಟುಬಿಡುತ್ತೇವೆ. 38 ದಾಟಿದರೆ ತುಂಬ ಒಳ್ಳೆಯದು, 30ರ ಮೇಲೆ ಚೆನ್ನಾಗಿದೆ, 21ಕ್ಕಿಂತ ಕೆಳಗಿದ್ದರೆ ಏನೋ ತೊಂದರೆ ಇದೆ. ಈ ಹಂಚಿಕೆ ನನಗೆ ಸರಿ ಅನಿಸುತ್ತದೆ, ಬದಲಿಸಬೇಕಾಗಿಲ್ಲ.

ಟಿಪ್ಪಣಿ ಉದ್ದ ಬೇಡ. ಹೀಗಿದ್ದರೆ ಸಾಕು: "ಹೆಫೆವೈಜನ್, ಹೊಸ ಬ್ಯಾಚ್. ಕಳಿತ ಏಲಕ್ಕಿ ಬಾಳೆ ಮೊದಲು, ಲವಂಗ ಹಿಂದೆ, ಬ್ರೆಡ್ ಹಿಟ್ಟು. 9. ಮಬ್ಬು ಹಳದಿ, ನೊರೆ ಬೇಗ ಇಳಿಯಿತು. 2. ಬಾಯಲ್ಲಿ ಬಾಳೆ ಸ್ವಲ್ಪ ಜಾಸ್ತಿ, ಕೊನೆ ಚೊಕ್ಕ, ಕಹಿ ಇಲ್ಲ. 14. ಮೈ ಮೆತ್ತಗೆ, ಗ್ಯಾಸು ಕಡಿಮೆ. 3. ಒಟ್ಟಾರೆ 7. ಒಟ್ಟು 35. ನನಗೆ ಇಷ್ಟ: ಹೌದು." ಕೊನೆಯ ಸಾಲು ಅಂಕದಿಂದ ಹೊರಗೆ ಇರಲಿ.

ಗೆಳೆಯರ ಜೊತೆ ಹೋಗಿದ್ದರೆ ಗ್ಲಾಸುಗಳ ಜಾಗ ಬದಲಿಸಿ, ಹೆಸರು ಹೇಳದೆ ಕುಡಿಸಿಕೊಳ್ಳಿ. ಎಲ್ಲರೂ ಬರೆದು ಮುಗಿಸುವ ತನಕ ಯಾರೂ ಬಾಯಿ ಬಿಡಬಾರದು.

ಪ್ರಮಾಣದ ಲೆಕ್ಕವೂ ತಲೆಯಲ್ಲಿರಲಿ. ಶೇ 5ರ 330 ಮಿಲಿ ಬಿಯರಿನಲ್ಲಿ ಸುಮಾರು 13 ಗ್ರಾಂ ಆಲ್ಕೊಹಾಲು, ಶೇ 8ರ 500 ಮಿಲಿಯಲ್ಲಿ ಸುಮಾರು 32 ಗ್ರಾಂ. ಗ್ಲಾಸು ಒಂದೇ ಅಂತ ಅನಿಸಿದರೂ ಎರಡನೆಯದು ಎರಡೂವರೆ ಗ್ಲಾಸಿಗೆ ಸಮ. ಆರು ಪುಟ್ಟ ಗ್ಲಾಸಾದ ಮೇಲೆ ನಾಲಿಗೆಯ ತೀರ್ಪು ನಂಬುವಂತಿರುವುದಿಲ್ಲ, ಅಲ್ಲಿಗೆ ಅಂಕ ನಿಲ್ಲಿಸಿ. ಗಾಡಿ ತರಲೇಬೇಡಿ. ರಕ್ತದ 100 ಮಿಲಿಗೆ 30 ಮಿಲಿಗ್ರಾಂ ನಮ್ಮ ಕಾನೂನಿನ ಮಿತಿ, ಸ್ಯಾಂಪ್ಲರ್ ಒಂದೇ ಅದನ್ನು ದಾಟಿಸಬಲ್ಲದು. ಇಂದಿರಾನಗರ, ಎಂ.ಜಿ. ರಸ್ತೆ, ವೈಟ್‌ಫೀಲ್ಡ್ ಮೂರೂ ನೇರಳೆ ಮಾರ್ಗದ ಮೆಟ್ರೋದಲ್ಲೇ ಇವೆ.

ಒಂದೇ ಭೇಟಿಯ ಅಂಕದಿಂದ ಯಾವ ಬ್ರೂವರಿಯನ್ನೂ ಹೊಗಳಬೇಡಿ, ತೆಗಳಲೂ ಬೇಡಿ. ಇವು ಸಣ್ಣ ಬ್ಯಾಚುಗಳು, ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಒಂದು ತಿಂಗಳು ಬಿಟ್ಟು ಅದೇ ಬಿಯರನ್ನು ಹಳೆಯ ಟಿಪ್ಪಣಿ ನೋಡದೆ ಮತ್ತೆ ಬರೆಯಿರಿ, ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಅಂಕ ಮೂರು-ನಾಲ್ಕರೊಳಗೆ ಹೊಂದಿದರೆ ಆ ಬ್ರೂವರ್ ಹದ ತಪ್ಪಿಸುವುದಿಲ್ಲ ಅಂತ ಬರೆದುಕೊಳ್ಳಬಹುದು. ಹತ್ತು ಅಂಕ ಏರುಪೇರಾದರೆ ಮೂರನೇ ಸಲ ಹೋಗಿ, ಹೋದಾಗ ಬ್ಯಾಚಿನ ಬಗ್ಗೆ ಕೇಳಿ.